ಲೈನ್ ಕಡಿದರೂ ಕೈಬಿಡದ ಟೆಲಿಕ್ಸ್

1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಭಾರತದಲ್ಲಿ ಇಂಟರ್ನೆಟ್ ಸೇವೆ ಆರಂಭಿಸಿತು. ಅದರ ಅಗ್ಗದ ಶೆಲ್ ಖಾತೆಯಲ್ಲಿ ಚಿತ್ರಗಳಿರಲಿಲ್ಲ, ಬರೀ ಅಕ್ಷರ. ಡಾಸ್ ಕಂಪ್ಯೂಟರಿನಿಂದ ಅಲ್ಲಿಗೆ ತಲುಪಿಸುತ್ತಿದ್ದವು ಪ್ರೋಕಾಮ್, ಕ್ಯೂಮೋಡೆಮ್, ಟೆಲಿಕ್ಸ್‌ನಂಥ ಶೇರ್‌ವೇರ್‌ಗಳು: ಬಳಸಿ ನೋಡಿ, ಹಿಡಿಸಿದರೆ ಹಣ ಕಳಿಸಿ. ಹೊಸಬರಿಗೆ ಪ್ರೋಕಾಮ್ ಸಲೀಸು, ನಿಜ. ನನ್ನ ಮನಸ್ಸು ಮಾತ್ರ ಟೆಲಿಕ್ಸ್ ಕಡೆಗೇ. ಆ ಪುಟ್ಟ ತಂತ್ರಾಂಶದೊಳಗೇ ಝಡ್‌ಮೋಡೆಮ್ ಇತ್ತು. ಚಕ್ ಫೋರ್ಸ್‌ಬರ್ಗ್ 1986ರಲ್ಲಿ ರೂಪಿಸಿದ ಕಡತ ಸಾಗಣೆಯ ವಿಧಾನ. ಸೆಕೆಂಡಿಗೆ 9600 ಬಿಟ್ ವೇಗದಲ್ಲಿ ಒಂದು ಮೆಗಾಬೈಟ್ ಇಳಿಯಲು ಸುಮಾರು 18 ನಿಮಿಷ. ದೊಡ್ಡಬಳ್ಳಾಪುರದಿಂದ ಬೆಂಗಳೂರಿಗೆ ಡಯಲ್ ಮಾಡಿದವರ ಲೈನ್ 17ನೇ ನಿಮಿಷಕ್ಕೆ ಕಡಿದರೆ? ಹಳೆಯ ಎಕ್ಸ್‌ಮೋಡೆಮ್‌ನಲ್ಲಿ ಮತ್ತೆ ಮೊದಲಿನಿಂದ. ಝಡ್‌ಮೋಡೆಮ್‌ನಲ್ಲಿ ಹಾಗಲ್ಲ: ಎಷ್ಟು ಬೈಟ್ ಬಂದಿದೆ ಎಂದು ಈ ಕಡೆಯ ಕಂಪ್ಯೂಟರ್ ತಿಳಿಸಿದರೆ ಸಾಕು, ಆ ಕಡೆಯದು ಉಳಿದದ್ದನ್ನಷ್ಟೇ ಕಳಿಸುತ್ತಿತ್ತು.