ಮುಂಡಗೋಡಿನ ಫೋಟೊಗಳಲ್ಲಿ ಕಾಣದವರು

ಮುಂಡಗೋಡಿನ ಟಿಬೆಟನ್ ಕಾಲೊನಿಯ ಫೋಟೊಗಳನ್ನು ಸಾಲಾಗಿ ಇಟ್ಟು ನೋಡಿ, ಎಲ್ಲವನ್ನೂ ಒಬ್ಬನೇ ತೆಗೆದಂತಿರುತ್ತದೆ. ಕಡುಗೆಂಪು ನಿಲುವಂಗಿಯ ಬಾಲಭಿಕ್ಷು, ವಾದದ ಅಂಗಳದಲ್ಲಿ ಚಪ್ಪಾಳೆ ತಟ್ಟಿ ಪ್ರಶ್ನೆ ಎಸೆಯುವ ಲಾಮಾ, ಪ್ರಾರ್ಥನಾಚಕ್ರ ಹಿಡಿದ ಸುಕ್ಕುಗಟ್ಟಿದ ಕೈ. ಬೆಳಕು ಚೆಂದ, ಚೌಕಟ್ಟೂ ಚೆಂದ. 1966ರಲ್ಲಿ ಶುರುವಾದ ಈ ವಸತಿಯಲ್ಲಿ ಜನ ಇಷ್ಟು ಕಾಲ ಹೇಗೆ ಬಾಳಿದರು ಎಂದು ಕೇಳಿದರೆ ಮಾತ್ರ ಇವು ಬಾಯಿ ಬಿಡುವುದಿಲ್ಲ. ಟಿಬೆಟ್ಟಿನ ದ್ರೆಪುಂಗ್, ಗಾದೆನ್ ಮಠಗಳು ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಮತ್ತೆ ತಲೆಯೆತ್ತಿದ್ದು ದೊಡ್ಡ ಸಂಗತಿಯೇ. ಆದರೆ ಗೋವಿನಜೋಳದ ಹೊಲ ಎಲ್ಲಿ? ಅಲ್ಲಿಗೆ ಕೂಲಿಗೆ ಬರುವ ಅಕ್ಕಪಕ್ಕದ ಹಳ್ಳಿಯವರೆಲ್ಲಿ? ಚಳಿ ಬಿದ್ದೊಡನೆ ಸ್ವೆಟರಿನ ಗಂಟು ಹೊತ್ತು ಪೇಟೆ ಸೇರುವ ಸಂಸಾರಗಳು, ವಿದೇಶಕ್ಕೆ ಹೋದ ಮಕ್ಕಳ ಫೋನಿಗೆ ಕಾಯುವ ಮುದುಕರು ಯಾವ ಫ್ರೇಮಿನಲ್ಲಿದ್ದಾರೆ?

ನಿರಾಶ್ರಿತರ ಛಾಯಾಗ್ರಹಣ ಪಳಗಿರುವುದು ಬಂದಿಳಿಯುವ ಗಳಿಗೆಯಲ್ಲಿ. ಅದರ ಶಕ್ತಿಯನ್ನು ನಾನು ಅಲ್ಲಗಳೆಯಲಾರೆ. 2017ರ ಸೆಪ್ಟೆಂಬರಿನಲ್ಲಿ ಬಾಂಗ್ಲಾದೇಶದ ಶಾಹ್ ಪೊರೀರ್ ದ್ವೀಪದಲ್ಲಿ ರಾಯಿಟರ್ಸ್ ಛಾಯಾಗ್ರಾಹಕ ದಾನಿಶ್ ಸಿದ್ದಿಕಿ ತೆಗೆದ ಚಿತ್ರದಲ್ಲಿ, ದೋಣಿಯಲ್ಲಿ ಬಂದ ರೊಹಿಂಗ್ಯಾ ಹೆಂಗಸೊಬ್ಬಳು ಬಳಲಿ ದಡದ ನೆಲ ಮುಟ್ಟುತ್ತಾಳೆ. ಕಡಲಂಚಿನಲ್ಲಿ ಬೆಳೆದ ನಮಗೆ ಅದಕ್ಕೆ ವಿವರಣೆ ಬೇಕಿಲ್ಲ. ಆ ಚಿತ್ರವಿದ್ದ ಸರಣಿಗಾಗಿ ರಾಯಿಟರ್ಸ್ ತಂಡಕ್ಕೆ 2018ರ ಪುಲಿಟ್ಜರ್ ಬಂದದ್ದೂ ಸರಿಯೇ. ಆ ಚಿತ್ರವನ್ನು ಅಂದೇ ತೆಗೆಯಬೇಕಿತ್ತು. ತೊಡಕಿರುವುದು ಅಲ್ಲಿಂದ ಮುಂದೆ.

ಸ್ಟೀವ್ ಮೆಕರಿಯ ‘ಅಫ್ಘನ್ ಹುಡುಗಿ’ಯನ್ನೇ ನೋಡಿ. 1984ರಲ್ಲಿ ಪಾಕಿಸ್ತಾನದ ಶಿಬಿರದಲ್ಲಿ ತೆಗೆದ ಆ ಮುಖ ಮರುವರ್ಷ ನ್ಯಾಷನಲ್ ಜಿಯೋಗ್ರಾಫಿಕ್ ಮುಖಪುಟವಾಗಿ ಜಗತ್ತು ಸುತ್ತಿತು. ಅವಳ ಹೆಸರು ಶರ್ಬತ್ ಗುಲಾ ಎಂದು ಜಗತ್ತಿಗೆ ಗೊತ್ತಾದದ್ದು 2002ರಲ್ಲಿ. ಅವಳೇ ಇವಳು ಎಂದು ಖಚಿತಪಡಿಸಿಕೊಳ್ಳಲು ಕಣ್ಣಿನ ಪಾಪೆಯ ವಿನ್ಯಾಸವನ್ನೂ ಹೋಲಿಸಿ ನೋಡಿದರು. 2016ರಲ್ಲಿ ಅದೇ ಹೆಂಗಸನ್ನು ನಕಲಿ ಗುರುತಿನ ಚೀಟಿಯ ಆರೋಪದ ಮೇಲೆ ಪಾಕಿಸ್ತಾನ ಬಂಧಿಸಿ, ಗಡೀಪಾರು ಮಾಡಿತು. ಇಷ್ಟು ಪ್ರಸಿದ್ಧವಾದ ಚಿತ್ರ ಆ ಗಳಿಗೆಯಲ್ಲಿ ಚಿತ್ರದೊಳಗಿದ್ದವಳ ಉಪಯೋಗಕ್ಕೆ ಬರಲಿಲ್ಲ. ಅದನ್ನು ಮಹಾನ್ ಚಿತ್ರ ಎನ್ನಲು ನನಗೆ ನಾಲಿಗೆ ತೊಡರುತ್ತದೆ. ಮಹಾನ್ ಮುಖಪುಟ ಎನ್ನಬಹುದು.

ಮುಂಡಗೋಡಿನ ಟಿಬೆಟನ್ನರ ಬದುಕನ್ನು ಆಳುವ ಫೋಟೊ ಕಲಾತ್ಮಕವಾದದ್ದೇನಲ್ಲ. ಅದು ನೋಂದಣಿ ಪತ್ರಕ್ಕೆ, ಅವರ ಮಾತಿನಲ್ಲಿ ‘ಆರ್‌ಸಿ’ಗೆ, ಅಂಟಿಸುವ ಪಾಸ್‌ಪೋರ್ಟ್ ಸೈಜಿನದು. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಕಾನೂನಿನ ಲೆಕ್ಕದಲ್ಲಿ ಇವರು ವಿದೇಶಿಯರು. 1950ರ ಜನವರಿ 26 ಮತ್ತು 1987ರ ಜುಲೈ 1ರ ನಡುವೆ ಇಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು ಎಂಬುದನ್ನು ಕರ್ನಾಟಕ ಹೈಕೋರ್ಟ್ 2013ರಲ್ಲಿ ಒಪ್ಪಿತು. ಆದರೂ ಪೌರತ್ವ ಪಡೆದರೆ ಟಿಬೆಟ್ ಬಿಟ್ಟುಕೊಟ್ಟಂತಾಗುತ್ತದೆಯೇ ಎಂಬ ಅಳುಕು ಎಷ್ಟೋ ಮನೆಗಳಲ್ಲಿದೆ. ಆರ್‌ಸಿ ನವೀಕರಣಕ್ಕೆ ಕಾಯುವ ಬೆಂಚು, ಪೌರತ್ವದ ಬಗ್ಗೆ ಅಪ್ಪ ಮಗಳ ನಡುವಿನ ಜಗಳ: ಒಳ್ಳೆಯ ಛಾಯಾಗ್ರಾಹಕನಿಗೆ ಬೇಕಾದ ವಸ್ತು ಇಲ್ಲಿದೆ. ಅದಕ್ಕೆ ಬೇಕಾದದ್ದು ಲೆನ್ಸಿಗಿಂತ ಹೆಚ್ಚಾಗಿ ಪುರಸೊತ್ತು.

ಕಾರವಾರದ ಪಕ್ಕದ ಕದ್ವಾಡದ ಕಡೆಯವರಿಗೆ ಇನ್ನೊಂದು ತಕರಾರೂ ಇರಬೇಕು. ಘಟ್ಟದ ಮೇಲಿನ ಮಠಗಳಿಗೆ ಸಿಕ್ಕ ಕ್ಯಾಮೆರಾದ ಗಮನ ಘಟ್ಟದ ಕೆಳಗೆ ಇಳಿಯಲೇ ಇಲ್ಲ. 1986ರಲ್ಲಿ ಶಂಕುಸ್ಥಾಪನೆಯಾದ ‘ಸೀಬರ್ಡ್’ ನೌಕಾನೆಲೆಗಾಗಿ ಕಾರವಾರ, ಅಂಕೋಲಾದ ಕರಾವಳಿ ಹಳ್ಳಿಗಳು ಎದ್ದುಹೋದವು. ಆ ಜನರನ್ನು ನಮ್ಮ ಪತ್ರಿಕೆಗಳು ಇಂದಿಗೂ ‘ಸೀಬರ್ಡ್ ನಿರಾಶ್ರಿತರು’ ಎಂದೇ ಬರೆಯುತ್ತವೆ. ಗಡಿ ದಾಟಿದವರಲ್ಲ ನಿಜ, ದಾಟಿದ್ದು ಹೆದ್ದಾರಿಯನ್ನಷ್ಟೇ. ನಾನು ಕಂಡ ಚಿತ್ರಗಳಲ್ಲಿ ಅವರು ಇರುವುದು ಪರಿಹಾರ ಕೇಳುವ ಧರಣಿಯ ಗುಂಪಿನಲ್ಲಿ, ಫಲಕ ಹಿಡಿದುಕೊಂಡು. ಆ ನೆಲೆಯ, ಅಂದರೆ ಐ.ಎನ್.ಎಸ್. ಕದಂಬದ, ಹಡಗುಗಳಿಗೆ ಮಾತ್ರ ಸೊಗಸಾದ ಫೋಟೊಗಳಿವೆ.

ತೋಡೂರು, ಮುದಗಾದ ಪುನರ್ವಸತಿ ಕಾಲೊನಿಗಳಲ್ಲಿ ಯಾರಾದರೂ ಕೆಲಸ ಶುರುಮಾಡುವುದಾದರೆ ಕ್ಯಾಮೆರಾವನ್ನು ಚೀಲದಲ್ಲೇ ಇಟ್ಟು ಮನೆಗಳ ಹಳೆಯ ಆಲ್ಬಮ್ ಕೇಳಲಿ. ಸ್ಟುಡಿಯೊದವರು ತೆಗೆದ ಮದುವೆ ಫೋಟೊಗಳ ಹಿನ್ನೆಲೆಯಲ್ಲಿ ಹಳೆಯ ಜಗಲಿ, ಬಾವಿಕಟ್ಟೆ, ತೆಂಗಿನತೋಟ ತಾವಾಗಿಯೇ ದಾಖಲಾಗಿರಬಹುದು. ಅವನ್ನು ಮನೆಯವರ ಒಪ್ಪಿಗೆ ಪಡೆದು, ಅವರದೇ ಹೆಸರು ಹಾಕಿ ಗೋಡೆಗೆ ಏರಿಸಲಿ. ಇದಕ್ಕೆ ಅಂತರರಾಷ್ಟ್ರೀಯ ಬಹುಮಾನ ಬರಲಿಕ್ಕಿಲ್ಲ.