ಕಹೋಕಿಯದ ದಾರುಗೃಹವೂ ಜೀರ್ಣೋದ್ಧಾರದ ಪ್ರಾಮಾಣ್ಯವೂ

ಉತ್ತರ ಅಮೆರಿಕದ ಇಲಿನಾಯ್ ಸಂಸ್ಥಾನದಲ್ಲಿ, ಮಿಸಿಸಿಪ್ಪಿ ಮಹಾನದಿಯ ಪೂರ್ವಕ್ಕೆ, ಕಹೋಕಿಯವೆಂಬ ಹಳೆಯ ಫ್ರೆಂಚ್ ನೆಲೆಯಿದೆ. ಕ್ವಿಬೆಕ್ಕಿನಿಂದ ಬಂದ ಪಾದ್ರಿಗಳು 1699ರಲ್ಲಿ ಅದನ್ನು ಸ್ಥಾಪಿಸಿದರು. ಅಲ್ಲಿ 1740ರ ಸುಮಾರಿನದೆಂದು ಪರಂಪರೆಯಿಂದ ಹೇಳಲಾಗುವ ಮರದ ಮನೆಯೊಂದುಂಟು. ಇಂದು ಅಲ್ಲಿ ಕಾಣುವುದು ಆ ಹಳೆಯ ಮನೆಯೇ, ಅಥವಾ ಅದರ ಪ್ರತಿಕೃತಿಯೇ ಎಂಬುದು ಇಲ್ಲಿ ವಿಚಾರಣೀಯವಾದ ವಿಷಯ.

ಮೊದಲು ರಚನೆಯನ್ನು ನೋಡೋಣ. ಮರದ ದಿಮ್ಮಿಯ ಮನೆಯೆಂದೊಡನೆ, ಅಡ್ಡಲಾಗಿ ಒಂದರ ಮೇಲೊಂದು ದಿಮ್ಮಿಯನ್ನು ಪೇರಿಸಿದ ಗೋಡೆಯು ಮನಸ್ಸಿಗೆ ತೋರುವುದು. ಈ ಫ್ರೆಂಚರ ಪದ್ಧತಿಯು ಅದಕ್ಕಿಂತ ಭಿನ್ನವಾದುದು. ಇಲ್ಲಿ ಚೌಕಟ್ಟಾಗಿ ಕೆತ್ತಿದ ಕಪ್ಪು ಆಕ್ರೋಟದ ಕಂಬಗಳು ನೆಟ್ಟಗೆ ಸಾಲಾಗಿ ನಿಲ್ಲುತ್ತವೆ. ನಡುವಣ ಸಂದುಗಳನ್ನು ಕಲ್ಲು ಗಾರೆಗಳಿಂದ ತುಂಬಿದೆ. ಕಂಬಗಳನ್ನು ನೇರವಾಗಿ ನೆಲದೊಳಗೆ ಹೂಳುವುದು ಒಂದು ಕ್ರಮ. ಕಲ್ಲಿನ ತಳಪಾಯದ ಮೇಲೆ ಮಲಗಿಸಿದ ಅಡಿತೊಲೆಗೆ ಅವನ್ನು ಕೂಡಿಸುವುದು ಇನ್ನೊಂದು ಕ್ರಮ. ಇದಕ್ಕೆ ‘ಪೊತೊ ಸ್ಯುರ್ ಸೋಲ್’ ಎಂದು ಹೆಸರು. ನೆಲದ ತೇವವು ಕಂಬದ ಬುಡಕ್ಕೆ ತಾಗದಿರುವುದರಿಂದ ಎರಡನೆಯದೇ ಹೆಚ್ಚು ಬಾಳುವಂಥದು. ಕಹೋಕಿಯದ ಮನೆಯು ಈ ವರ್ಗಕ್ಕೆ ಸೇರಿದುದು. ಒಳಗೆ ನಾಲ್ಕು ಕೋಣೆಗಳು. ಮೇಲೆ ಕಡಿದಾದ ಮಾಡು, ಅದು ಹೊರಗಣ ಜಗಲಿಯ ಮೇಲಕ್ಕೂ ಇಳಿದು ಬಂದಿದೆ.

ಇನ್ನು ಇತಿಹಾಸ. 1763ರಲ್ಲಿ ಈ ಸೀಮೆ ಫ್ರೆಂಚರಿಂದ ಆಂಗ್ಲರಿಗೂ, ಅನಂತರ ಸಂಯುಕ್ತ ಸಂಸ್ಥಾನಗಳಿಗೂ ಸಂದಿತು. 1793ರಲ್ಲಿ ಈ ವಾಸದ ಮನೆಯನ್ನು ನ್ಯಾಯಸ್ಥಾನಕ್ಕಾಗಿ ಕೊಂಡರು. 1814ರಲ್ಲಿ ಜಿಲ್ಲೆಯ ಮುಖ್ಯಸ್ಥಾನವು ಬೆಲ್‌ವಿಲ್‌ಗೆ ಹೋಗುವವರೆಗೂ ಅದು ಹಾಗೆಯೇ ಇದ್ದಿತು. ಹೊಸ ಗಣರಾಜ್ಯದ ಧರ್ಮಾಸನವು ಫ್ರೆಂಚರ ಕಂಬಗಳ ನಡುವೆ ಕುಳಿತುದೇ ಈ ಕಟ್ಟಡದ ನಿಜವಾದ ಮಹತ್ತ್ವ. ಮುಂದೆ ಅದು ಬಿಚ್ಚಲ್ಪಟ್ಟು, 1904ರ ಸೇಂಟ್ ಲೂಯಿಸ್ ಮಹಾಪ್ರದರ್ಶನದಲ್ಲಿ ನೋಟದ ವಸ್ತುವಾಯಿತು. ಬಳಿಕ ಷಿಕಾಗೋ ನಗರದ ಜಾಕ್ಸನ್ ಉದ್ಯಾನದಲ್ಲಿ ಮೂಲಕ್ಕಿಂತ ಚಿಕ್ಕದಾಗಿ ನಿಂತಿತು. 1938ರಲ್ಲಿ ಸ್ವಸ್ಥಾನದ ನೆಲವನ್ನು ಅಗೆಯಲಾಗಿ ಹಳೆಯ ತಳಪಾಯವು ದೊರೆಯಿತು. ಅದರ ಮೇಲೆ ಮರಳಿ ತಂದ ಮರಗಳಿಂದಲೂ ಹೊಸ ಮರಗಳಿಂದಲೂ ಮನೆಯನ್ನು ಪುನಃ ಕಟ್ಟಿದರು.

ಹೀಗಿರಲು, ಇದು ಆ ಮನೆಯೇ ಎಂಬುದು ಪೂರ್ವಪಕ್ಷ. ನೈಯಾಯಿಕರು ಇದನ್ನೊಪ್ಪರು: ಅವಯವಗಳು ಬದಲಾದರೆ ಅವಯವಿಯೂ ಬೇರೆಯೇ, ‘ಅದೇ ಇದು’ ಎಂಬ ಪ್ರತ್ಯಭಿಜ್ಞೆಯು ದೀಪದ ಜ್ವಾಲೆಯಲ್ಲಿರುವಂತೆ ಸಾದೃಶ್ಯದಿಂದ ಹುಟ್ಟಿದುದು. ಆದರೆ ಇಷ್ಟರಿಂದಲೇ ಇದು ಬರಿಯ ಬೊಂಬೆಯೆಂದು ತಳ್ಳುವುದೂ ಅವಿಚಾರವೇ ಸರಿ. ಗ್ರಂಥಸಂಪಾದನೆ ಮಾಡುವವರಿಗೆ ಈ ತೊಡಕು ಹೊಸದಲ್ಲ. ಹುಳು ತಿಂದ ಓಲೆಯ ಪ್ರತಿಯಲ್ಲಿ ಕೆಲವು ಅಕ್ಷರಗಳು ಮೂಲದವು, ಕೆಲವು ಊಹಿಸಿ ತುಂಬಿದವು. ಹಾಗೆಂದು ಗ್ರಂಥವನ್ನು ಯಾರೂ ಬಿಸುಡುವುದಿಲ್ಲ. ತುಂಬಿದ ಭಾಗವನ್ನು ಕಂಸದಲ್ಲಿ ಗುರುತಿಸುತ್ತೇವೆ. ಆ ನ್ಯಾಯದಿಂದ, ಇಲ್ಲಿಯ ತಳಪಾಯವು ಮೂಲಪಾಠ. ಉಳಿದ ಹಳೆಯ ಕಂಬಗಳು ಸ್ಥಾನಭ್ರಷ್ಟವಾಗಿ ಮರಳಿದ ಪಾಠ. ಹೊಸ ಮರಗಳು ಸಂಪಾದಕರ ಪೂರಣ. ಉದ್ಯಾನದಲ್ಲಿದ್ದ ಚಿಕ್ಕ ರೂಪವು ಅಪಪಾಠ.

ಇದರ ಜೊತೆಗೆ ಸಾಕ್ಷಿಯಾಗಿ ನಿಲ್ಲುವ ಸೋದರಪ್ರತಿಯೊಂದು ಅದೇ ಊರಿನಲ್ಲಿದೆ. 1799ರ ‘ಪವಿತ್ರ ಕುಟುಂಬ’ದ ಇಗರ್ಜಿಯೂ ನೆಟ್ಟಗೆ ನಿಂತ ಆಕ್ರೋಟದ ಕಂಬಗಳದೇ, ಅದು ಕಟ್ಟಿದ ಜಾಗವನ್ನು ಬಿಟ್ಟು ಕದಲಿಲ್ಲ. ಆದುದರಿಂದ ಗೋಡೆಯ ಕಸುಬಿನ ವಿಷಯದಲ್ಲಿ ಸಂದೇಹ ಬಂದಲ್ಲಿ ಇಗರ್ಜಿಯನ್ನು ಮೊದಲು ಕೇಳಬೇಕು, ಮನೆಯನ್ನು ಆಮೇಲೆ. ಪುನರ್ನಿರ್ಮಿತವಾದ ಮಾಡಿನ ಒಂದು ಜೋಡಣೆಯನ್ನು ತೋರಿಸಿ 1740ರ ಬಡಗಿಗಳು ಹೀಗೆಯೇ ಮಾಡುತ್ತಿದ್ದರೆಂದು ಸಾಧಿಸಹೊರಟರೆ, 1939ರ ಬಡಗಿಗಳ ಕೈಗೆಲಸವನ್ನೇ ಪ್ರಮಾಣವೆಂದು ಹಿಡಿದಂತಾದೀತು.

ಜೀರ್ಣೋದ್ಧಾರವು ದೋಷವಲ್ಲ, ಗುರುತಿಲ್ಲದ ಜೀರ್ಣೋದ್ಧಾರವು ದೋಷ. ಯಾವ ಕಂಬ ಹಳೆಯದು, ಯಾವುದು ಹೊಸದು ಎಂಬ ವಿವರವು ಬರೆದಿಟ್ಟಿರುವವರೆಗೆ ಕಟ್ಟಡವು ಪ್ರಮಾಣವಾಗಿ ಉಳಿಯುವುದು. ಆ ಬರೆಹವು ಲುಪ್ತವಾದರೆ, ಮರವೆಲ್ಲವೂ ಹಳೆಯದಾಗಿಯೇ ಇದ್ದರೂ ಇತಿಹಾಸವು ಅದರಲ್ಲಿ ಮೂಕವಾಗುವುದು. ದೇವಾಲಯಗಳನ್ನಾಗಲಿ ಗ್ರಂಥಗಳನ್ನಾಗಲಿ ಉದ್ಧರಿಸಹೊರಡುವ ನಮ್ಮವರೂ ಇದನ್ನು ಗಮನದಲ್ಲಿಡತಕ್ಕದ್ದು.