ಗೆದ್ದ ದೋಣಿಯ ಬೆನ್ನು ಹತ್ತಬೇಡಿ: ರೆಗಟ್ಟಾ ನೋಡುವವರಿಗೊಂದು ಕೈಪಿಡಿ

ರೆಗಟ್ಟಾ ಎನ್ನುವ ಹಾಯಿದೋಣಿಗಳ ಪಂದ್ಯವನ್ನು ಮೊದಲ ಸಲ ದಡದಿಂದ ನೋಡುವವರಿಗೆ ಅರ್ಧ ಗಂಟೆಯಲ್ಲೇ ಆಕಳಿಕೆ ಬರುತ್ತದೆ. ಅದರಲ್ಲಿ ಅವರ ತಪ್ಪೇನೂ ಇಲ್ಲ. ಒಂದು ದೋಣಿ ಎಡಕ್ಕೆ ಹೋಗುತ್ತದೆ, ಇನ್ನೊಂದು ಬಲಕ್ಕೆ. ಯಾರು ಮುಂದೆ, ಯಾರು ಹಿಂದೆ ಎಂಬುದೇ ತಿಳಿಯುವುದಿಲ್ಲ. ಕೊನೆಗೆ ಎಲ್ಲೋ ಹಾರ್ನ್ ಕೇಳಿಸುತ್ತದೆ, ಯಾರೋ ಗೆದ್ದಿರುತ್ತಾರೆ. ಕ್ಯಾಮೆರಾ ತಂದವರು ಬಿಳಿ ಹಾಯಿ, ಬೂದು ನೀರು ಎಂದು ಹತ್ತಾರು ಚಿತ್ರ ತೆಗೆದುಕೊಂಡು ಮನೆಗೆ ಹೋಗುತ್ತಾರೆ. ಚಿತ್ರಗಳು ಚೆನ್ನಾಗಿಯೇ ಇರುತ್ತವೆ, ಪಂದ್ಯ ಮಾತ್ರ ಅವುಗಳೊಳಗೆ ಇರುವುದಿಲ್ಲ.

ಬಿಡುವಾದಾಗ ಹಾಯಿ ಕಟ್ಟುವುದು, ಪಂದ್ಯಗಳಿದ್ದಾಗ ಬೇರೆಯವರ ಹಾಯಿಗೆ ಲೆನ್ಸ್ ಹಿಡಿಯುವುದು ನನ್ನ ಹವ್ಯಾಸ. ಹೊಸಬರು ಕೇಳಿದಾಗಲೆಲ್ಲ ನಾನು ಹೇಳುವುದು ಒಂದೇ ಮಾತು: ಮುಕ್ತಾಯದ ಗೆರೆಯ ಬಳಿ ಕಾಯಬೇಡಿ. ರೆಗಟ್ಟಾದ ಹಣೆಬರಹ ಬಹುಪಾಲು ಪಂದ್ಯ ಶುರುವಾಗುವ ಮುಂಚಿನ ಐದು ನಿಮಿಷಗಳಲ್ಲಿ, ಮತ್ತೆ ಗಾಳಿಗೆದುರಿನ ಮೊದಲ ಬೂಯಿಯ (ದೋಣಿಗಳು ಸುತ್ತಿ ಬರಬೇಕಾದ ತೇಲುಗುರುತಿನ) ಆಸುಪಾಸಿನಲ್ಲಿ ಬರೆದು ಮುಗಿದಿರುತ್ತದೆ. ಕಣ್ಣು ಅಲ್ಲಿರಲಿ, ಕ್ಯಾಮೆರಾವೂ ಅಲ್ಲಿರಲಿ.

ಕಲಿಯಲು ನಮ್ಮ ಕನ್ನಡಿಗರಿಗೆ ಅನುಕೂಲದ ಜಾಗವೊಂದು ಹೈದರಾಬಾದಿನ ಹುಸೇನ್ ಸಾಗರ. ಕಲಬುರಗಿ, ರಾಯಚೂರಿನವರಿಗಂತೂ ಬೆಂಗಳೂರಿಗಿಂತ ಹತ್ತಿರ. ಕುತುಬ್‌ಶಾಹಿಗಳ ಕಾಲದ ಈ ಕೆರೆಯಲ್ಲಿ ಮಳೆಗಾಲ ಬಂತೆಂದರೆ ಹೈದರಾಬಾದ್ ಸೇಲಿಂಗ್ ವೀಕ್, ಮಾನ್ಸೂನ್ ರೆಗಟ್ಟಾ ಮುಂತಾದ ಪಂದ್ಯಗಳು ನಡೆಯುತ್ತವೆ. ಸಮುದ್ರದಲ್ಲಾದರೆ ದೋಣಿಗಳು ದಡದಿಂದ ಚುಕ್ಕಿಗಳಾಗಿ ಕಾಣುತ್ತವೆ, ನೋಡಬೇಕಾದರೆ ಇನ್ನೊಂದು ದೋಣಿ ಹತ್ತಬೇಕು. ಇಲ್ಲಿ ಟ್ಯಾಂಕ್ ಬಂಡ್ ಎನ್ನುವ ಕೆರೆ ಏರಿಯ ಮೇಲೋ ಎದುರು ದಡದ ನೆಕ್ಲೆಸ್ ರೋಡಿನಲ್ಲೋ ನಿಂತರೆ ಸಾಕು.

ಮೊದಲು ಗಾಳಿಯ ದಿಕ್ಕು ನೋಡಿಕೊಳ್ಳಿ. ಮಳೆಗಾಲದಲ್ಲಿ ಇಲ್ಲಿ ಸಾಮಾನ್ಯವಾಗಿ ಪಡುವಣದಿಂದ ಗಾಳಿ ಬೀಸುತ್ತದೆ. ಹಾಗಾದಾಗ ಗಾಳಿಗೆದುರಿನ ಆ ಮೇಲಿನ ಬೂಯಿ ನೆಕ್ಲೆಸ್ ರೋಡಿನ ಕಡೆಗೆ, ಶುರುವಿನ ಗೆರೆ ಟ್ಯಾಂಕ್ ಬಂಡಿನ ಕಡೆಗೆ ಬೀಳುತ್ತದೆ. ಹಾಯಿದೋಣಿ ಗಾಳಿಗೆ ನೇರ ಎದುರಾಗಿ ಹೋಗಲಾರದು, ಹೆಚ್ಚೆಂದರೆ ಗಾಳಿಗೆ ಸುಮಾರು 45 ಡಿಗ್ರಿ ಓರೆಯಾಗಿ ಏರಬಲ್ಲದು. ಆದ್ದರಿಂದ ಚಾರ್ಮಾಡಿ ಘಾಟಿ ಹತ್ತುವ ಬಸ್ಸಿನಂತೆ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ತಿರುಗುತ್ತಾ ಮೇಲೇರುತ್ತದೆ. ಆ ತಿರುವಿಗೆ ಟ್ಯಾಕ್ ಎನ್ನುತ್ತಾರೆ. ಎಡಕ್ಕೆ ಹೋದ ದೋಣಿ, ಬಲಕ್ಕೆ ಹೋದ ದೋಣಿ ಎರಡೂ ಹೊರಟಿರುವುದು ಒಂದೇ ಬೂಯಿಗೆ. ಯಾರು ಮುಂದಿದ್ದಾರೆಂದು ತಿಳಿಯಬೇಕಾದರೆ ದೋಣಿಯ ಮೂತಿ ನೋಡಬೇಡಿ. ಗಾಳಿ ಬರುವ ಕಡೆಗೆ ಯಾರು ಹೆಚ್ಚು ಏರಿದ್ದಾರೆಂದು ನೋಡಿ. ಈ ಒಂದು ಲೆಕ್ಕ ತಲೆಗೆ ಹತ್ತಿದರೆ ಆಕಳಿಕೆ ನಿಲ್ಲುತ್ತದೆ.

ಗಾಳಿಯ ಜಾಡು ನೀರಿನ ಮೇಲೂ ಬಿದ್ದಿರುತ್ತದೆ. ಜೋರುಗಾಳಿ ಬೀಸಿದ ಕಡೆ ನೀರು ಸಣ್ಣಗೆ ನಡುಗಿ ಕಪ್ಪಾಗುತ್ತದೆ. ಆ ಕಪ್ಪು ಪಟ್ಟೆ ಓಡಿಬರುವುದನ್ನು ಒಳ್ಳೆಯ ಸವಾರ ಮೊದಲೇ ಕಂಡು, ಅದು ತಾಗುವ ಕ್ಷಣಕ್ಕೆ ಸರಿಯಾಗಿ ಮೈಯನ್ನು ದೋಣಿಯಾಚೆ ಚಾಚಿರುತ್ತಾನೆ. ಕಾಣದವನ ದೋಣಿ ವಾಲುತ್ತದೆ, ವಾಲಿದ ದೋಣಿಯ ವೇಗ ಸಾಯುತ್ತದೆ. ಹುಸೇನ್ ಸಾಗರದ ಸುತ್ತ ಎತ್ತರದ ಕಟ್ಟಡಗಳಿರುವುದರಿಂದ ಗಾಳಿ ಅವುಗಳ ಸಂದಿಯಿಂದ ನುಸುಳಿ ಬಂದು ದಿಕ್ಕು ಬದಲಿಸುತ್ತಲೇ ಇರುತ್ತದೆ. ಪರವೂರಿನ ಸವಾರರು ಇದಕ್ಕೆ ಗೊಣಗಿಕೊಳ್ಳುತ್ತಾರೆ. ನೋಡುವವರಿಗೆ ಮಾತ್ರ ಲಾಭ, ಪಂದ್ಯ ಯಾವ ಗಳಿಗೆಯಲ್ಲೂ ತಿರುಗಿಬೀಳಬಹುದು.

ಶುರುವಿಗೆ ಐದು ನಿಮಿಷವಿರುವಾಗ ಒಂದು ಬಾವುಟ ಏರುತ್ತದೆ. ನಾಲ್ಕು ನಿಮಿಷವಿರುವಾಗ ಇನ್ನೊಂದು ಏರುತ್ತದೆ, ಸಾಮಾನ್ಯವಾಗಿ ನೀಲಿಯ ನಡುವೆ ಬಿಳಿ ಚೌಕವಿರುವ ‘ಪಿ’ ಬಾವುಟ. ಒಂದು ನಿಮಿಷವಿರುವಾಗ ಅದು ಇಳಿಯುತ್ತದೆ. ಆ ಹೊತ್ತಿನಲ್ಲಿ ದೋಣಿಗಳು ಸುಮ್ಮನೆ ಅಲೆಯುತ್ತಿರುವಂತೆ ಕಾಣುತ್ತವೆ. ನಿಜವಾಗಿ ನಡೆಯುವುದು ಜಾಗದ ಜಗಳ. ದೋಣಿಗೆ ಬ್ರೇಕಿಲ್ಲ. ಗೆರೆಯ ಹಿಂದೆ ಹಾಯಿಯನ್ನು ಪಟಪಟ ಬಡಿಯಲು ಬಿಟ್ಟು, ನಿಂತಲ್ಲೇ ನಿಲ್ಲಲು ಹೆಣಗಬೇಕು, ಗಾಳಿ ಹೋಗುವ ಬದಿಯಲ್ಲಿ ಒಂದಿಷ್ಟು ಖಾಲಿ ನೀರು ಕಾಯ್ದುಕೊಳ್ಳಬೇಕು, ಕೊನೆಯ ಸೆಕೆಂಡುಗಳಲ್ಲಿ ಹಗ್ಗ ಎಳೆದು ನುಗ್ಗಬೇಕು. ಒಂದು ಸೆಕೆಂಡು ಮುಂಚೆ ಗೆರೆ ದಾಟಿದರೆ ಸಾಮಾನ್ಯವಾಗಿ ಹಿಂದಿರುಗಿ ಬಂದು ಮತ್ತೆ ಹೊರಡಬೇಕು. ಎರಡು ಸೆಕೆಂಡು ತಡವಾದರೆ ಮುಂದಿನವರ ಹಾಯಿಗಳು ಕಲಕಿಬಿಟ್ಟ ಕೆಟ್ಟ ಗಾಳಿಯೇ ಗತಿ. ನನ್ನ ಕಣ್ಣಿಗೆ ರೆಗಟ್ಟಾದ ಅತ್ಯುತ್ತಮ ಚಿತ್ರಗಳು ಇಲ್ಲೇ ಸಿಗುವುದು. ಒಬ್ಬನ ಕಣ್ಣು ಕೈಗಡಿಯಾರದ ಮೇಲೆ, ಪಕ್ಕದವನದು ಗೆರೆಯ ಮೇಲೆ, ಮೂರನೆಯವಳು ಇಬ್ಬರನ್ನೂ ಬಯ್ಯುತ್ತಿರುತ್ತಾಳೆ. ಶುರುವಿನ ಗೆರೆಯ ತುದಿಯ ನೇರಕ್ಕೆ ನಿಂತರೆ ದೋಣಿಗಳ ಸಾಲು ಎಲ್ಲಿ ಉಬ್ಬಿದೆ, ಎಲ್ಲಿ ತಗ್ಗಿದೆ ಎಂಬುದು ಒಂದೇ ಚೌಕಟ್ಟಿನಲ್ಲಿ ಕಾಣುತ್ತದೆ.

ಇನ್ನು ಮೇಲಿನ ಬೂಯಿ. ಇದಕ್ಕೆ ನಿಯಮವೊಂದು ಗೊತ್ತಿರಲಿ: ಗಾಳಿ ಬಲಬದಿಯಿಂದ ತಾಗುತ್ತಿರುವ ದೋಣಿ ಸ್ಟಾರ್‌ಬೋರ್ಡ್, ಎಡಬದಿಯಿಂದ ತಾಗುತ್ತಿದ್ದರೆ ಪೋರ್ಟ್. ಎರಡೂ ಎದುರಾದರೆ ಪೋರ್ಟ್ ದೋಣಿ ದಾರಿ ಬಿಡಬೇಕು. ಬೂಯಿಯನ್ನು ಸಾಮಾನ್ಯವಾಗಿ ಎಡಗಡೆ ಬಿಟ್ಟು ಸುತ್ತುತ್ತಾರೆ. ನೆಕ್ಲೆಸ್ ರೋಡಿನಿಂದ ನೋಡಿದರೆ ಸ್ಟಾರ್‌ಬೋರ್ಡ್ ದೋಣಿಗಳು ನಿಮ್ಮ ಎಡಗಡೆಯಿಂದ ಒಂದರ ಹಿಂದೊಂದು ಸಾಲುಗಟ್ಟಿ ಬೂಯಿಗೆ ಬರುತ್ತಿರುತ್ತವೆ. ಆಗ ಬಲಗಡೆಯಿಂದ ಒಂದು ಪೋರ್ಟ್ ದೋಣಿ ಸಂದಿ ಹುಡುಕುತ್ತಾ ಬರುತ್ತದೆ. ಸವಾರ ಹಾಯಿಯಡಿ ತಲೆ ತಗ್ಗಿಸಿ ಇಣುಕುತ್ತಾನೆ. “ಸ್ಟಾರ್‌ಬೋರ್ಡ್!” ಎಂಬ ಕೂಗು ದಡಕ್ಕೂ ಕೇಳಿಸುತ್ತದೆ. ಅವನೆದುರಿಗಿರುವ ದಾರಿ ಎರಡು: ಹಗ್ಗ ಸಡಿಲಿಸಿ ಸಾಲಿನವರ ಹಿಂದಿನಿಂದ ನುಸುಳಿ ನಾಲ್ಕಾರು ಸ್ಥಾನ ಕಳೆದುಕೊಳ್ಳುವುದು, ಇಲ್ಲವೇ ಇದ್ದ ಬಿರುಕಿನಲ್ಲೇ ಟ್ಯಾಕ್ ಮಾಡಿ ಸಾಲಿಗೆ ಸೇರಿಬಿಡುವುದು. ಎರಡನೆಯದು ಕೈಕೊಟ್ಟರೆ ನಿಯಮಭಂಗ, ದಂಡವಾಗಿ ದೋಣಿಯನ್ನು ಗಿರಗಿರ ಎರಡು ಸುತ್ತು ತಿರುಗಿಸಬೇಕು. ಅವನು ಮನಸ್ಸು ಮಾಡುವ ಆ ಕ್ಷಣವಿದೆಯಲ್ಲ, ಚಿತ್ರ ಅದೇ. ಬೂಯಿ, ಸಾಲಿನ ಕನಿಷ್ಠ ಎರಡು ದೋಣಿ, ಒಳನುಗ್ಗುವವನು, ಇಷ್ಟೂ ಚೌಕಟ್ಟಿನೊಳಗಿರಬೇಕು. ಒಂಟಿ ದೋಣಿಯನ್ನು ತುಂಬಿಸಿ ತೆಗೆದ ಚಿತ್ರ ದೋಣಿಯ ಜಾಹೀರಾತಿಗೆ ಆದೀತು.

ಉದ್ದ ಲೆನ್ಸ್ ಇಲ್ಲಿ ಉಪಕಾರಿಯೂ ಹೌದು, ಸುಳ್ಳುಗಾರನೂ ಹೌದು. 400 ಎಂಎಂ ಲೆನ್ಸಿನಲ್ಲಿ ದೂರಗಳೆಲ್ಲ ಕುಗ್ಗಿ, ಐವತ್ತು ಮೀಟರ್ ಅಂತರವಿರುವ ದೋಣಿಗಳು ಇನ್ನೇನು ಗುದ್ದಿಕೊಂಡವು ಎಂಬಂತೆ ಕಾಣುತ್ತವೆ. ಬೇರೆಯವರ ಚಿತ್ರ ನೋಡುವಾಗಲೂ ಇದು ನೆನಪಿರಲಿ. ನೆರಳು ಬಿದ್ದ ಜಾಗ, ನೀರಿನ ಗೀರು ಗಮನಿಸಿದರೆ ನಿಜವಾದ ಅಂತರ ಗೊತ್ತಾಗುತ್ತದೆ. ಕೆರೆಯ ನಡುವಿನ 18 ಮೀಟರ್ ಎತ್ತರದ ಬುದ್ಧನ ಪ್ರತಿಮೆಯೂ ಇಂಥದ್ದೇ ಆಮಿಷ. ಹಾಯಿಯೊಂದು ಬುದ್ಧನ ಪಾದ ಮುಟ್ಟುವ ಚಿತ್ರ ಹೈದರಾಬಾದಿನಲ್ಲಿ ಎಲ್ಲರ ಬಳಿಯೂ ಇದೆ. ಒಂದು ತೆಗೆದು ಆಸೆ ತೀರಿಸಿಕೊಂಡು ಮುಂದೆ ಹೋಗಿ.

ಬಿಳಿ ಹಾಯಿ ಕ್ಯಾಮೆರಾವನ್ನು ಯಾಮಾರಿಸುತ್ತದೆ. ಅದರ ಮೀಟರ್ ಎಲ್ಲವನ್ನೂ ನಡುಬೂದು ಬಣ್ಣಕ್ಕೆ ತರಲು ನೋಡುವುದರಿಂದ ಹಾಯಿ ಕೊಳೆಯಾದಂತೆ ಬರುತ್ತದೆ. ಚೌಕಟ್ಟು ತುಂಬ ಹಾಯಿಯೇ ಇದ್ದರೆ ಎಕ್ಸ್‌ಪೋಷರ್ ಒಂದು ಸ್ಟಾಪ್‌ನಷ್ಟು ಏರಿಸಿ. ಷಟರ್ ವೇಗ 1/1000 ಸೆಕೆಂಡಿಗಿಂತ ಇಳಿಯದಿದ್ದರೆ ನೀರಿನ ಹನಿಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ಮಧ್ಯಾಹ್ನದ ಮೇಲೆ ಟ್ಯಾಂಕ್ ಬಂಡಿಗೆ ಬಂದು ಸೂರ್ಯನಿಗೆ ಎದುರಾಗಿ ತೆಗೆದು ನೋಡಿ: ಬೆಳಕು ಬಟ್ಟೆಯನ್ನು ಹಾಯ್ದು ಬಂದು ಹೊಲಿಗೆಗಳು, ಅಡ್ಡಪಟ್ಟಿಗಳು, ಆಚೆ ಬದಿಯ ಹಾಯಿಸಂಖ್ಯೆ, ಸವಾರನ ನೆರಳು ಎಲ್ಲವೂ ಮೂಡುತ್ತವೆ. ಹಾಯಿಯ ಉಬ್ಬು ಎಲ್ಲಿದೆ, ಸವಾರ ಅದನ್ನು ಎಷ್ಟು ಚಪ್ಪಟೆ ಮಾಡಿಕೊಂಡಿದ್ದಾನೆ ಎಂಬುದನ್ನು ಆ ಬೆಳಕಿನಲ್ಲಿ ಓದಬಹುದು. ಜೋರುಗಾಳಿಗೆ ಚಪ್ಪಟೆ, ಮೆಲುಗಾಳಿಗೆ ತುಸು ಉಬ್ಬು.

ಕಣ್ಣು ಪಳಗಲು ಹಳಬರ ಚಿತ್ರಗಳನ್ನೂ ನೋಡಬೇಕು. ಇಂಗ್ಲೆಂಡಿನ ಐಲ್ ಆಫ್ ವೈಟ್ ದ್ವೀಪದ ಕೌಸ್ ಊರಿನಲ್ಲಿ 1826ರಿಂದ ರೆಗಟ್ಟಾ ನಡೆಯುತ್ತಿದೆ. ಅಲ್ಲಿ ಔಷಧಿ ಅಂಗಡಿಯಿಟ್ಟಿದ್ದ ಬೀಕನ್ ಮನೆತನ ತಲೆಮಾರುಗಳ ಕಾಲ ಹಾಯಿದೋಣಿಗಳ ಚಿತ್ರ ತೆಗೆಯಿತು. ಅಲುಗಾಡುವ ದೋಣಿಯಲ್ಲಿ ನಿಂತು ಕ್ಯಾಮೆರಾ ಹಿಡಿಯಲು ಎರಡೂ ಕೈ ಬೇಕಾದ್ದರಿಂದ ಫ್ರಾಂಕ್ ಬೀಕನ್ ಷಟರಿಗೆ ರಬ್ಬರ್ ಬುಡ್ಡೆಯೊಂದನ್ನು ಜೋಡಿಸಿ, ಅದನ್ನು ಬಾಯಲ್ಲಿಟ್ಟುಕೊಂಡು ಕಚ್ಚಿ ಚಿತ್ರ ತೆಗೆಯುತ್ತಿದ್ದರು. ಒಳಗಿದ್ದದ್ದು ಗಾಜಿನ ಫಲಕ. ಒಂದು ಕಚ್ಚಿಗೆ ಒಂದೇ ಚಿತ್ರ, ಮುಂದಿನದಕ್ಕೆ ಫಲಕ ಬದಲಿಸಬೇಕು. ಸೆಕೆಂಡಿಗೆ ಇಪ್ಪತ್ತು ಚಿತ್ರ ಹೊಡೆಯುವ ನಮಗಿಂತ ಅವರಿಗೆ ಪಂದ್ಯ ಚೆನ್ನಾಗಿ ಗೊತ್ತಿರಲೇಬೇಕಿತ್ತು. ಅಮೆರಿಕದ ಮಾರಿಸ್ ರೋಸನ್‌ಫೆಲ್ಡ್ 1938ರಲ್ಲಿ ತೆಗೆದ ‘ಫ್ಲೈಯಿಂಗ್ ಸ್ಪಿನೇಕರ್ಸ್’ ಚಿತ್ರ ಸಿಕ್ಕರೆ ಬಿಡಬೇಡಿ. ಗಾಳಿ ಹಿಂದಿನಿಂದ ಬರುವಾಗ ಬಿಚ್ಚುವ ಸ್ಪಿನೇಕರ್ ಹಾಯಿಯ ಭಾರೀ ಉಬ್ಬು ಅದರಲ್ಲಿದೆ. ಅವರ ಸಂಗ್ರಹ ಈಗ ಅಮೆರಿಕದ ಮಿಸ್ಟಿಕ್ ಸೀಪೋರ್ಟ್ ಮ್ಯೂಸಿಯಮ್ಮಿನಲ್ಲಿದೆ.

ದೋಣಿಯ ಜಾತಿಗಳನ್ನು ಬಾಯಿಪಾಠ ಮಾಡಬೇಕಿಲ್ಲ, ಮೂರು ಗೊತ್ತಿದ್ದರೆ ಸಾಕು. ಪುಟ್ಟ ಪೆಟ್ಟಿಗೆಯಂಥ, 2.3 ಮೀಟರ್ ಉದ್ದದ ಆಪ್ಟಿಮಿಸ್ಟ್ ಮಕ್ಕಳದು. ಲೇಸರ್ ಎಂದು ಹೆಸರಾಗಿದ್ದ, ಈಗ ಐಎಲ್‌ಸಿಎ ಎನ್ನುವ ಒಬ್ಬರ ದೋಣಿಯಲ್ಲಿ ಒಡಲು ಒಂದೇ, ಹಾಯಿ ಮೂರು ಅಳತೆಯಲ್ಲಿ ಬರುತ್ತದೆ. ಚೆನ್ನೈನ ನೇತ್ರಾ ಕುಮನನ್ ಟೋಕಿಯೊ ಒಲಿಂಪಿಕ್ಸಿಗೆ ಹೋದದ್ದು ಇದರಲ್ಲೇ, ವಿಷ್ಣು ಸರವಣನ್ ಹಾಂಗ್‌ಝೌ ಏಷ್ಯನ್ ಗೇಮ್ಸಿನಲ್ಲಿ ಕಂಚು ಗೆದ್ದದ್ದೂ ಇದರಲ್ಲೇ. ಇನ್ನೊಂದು ಇಬ್ಬರು ತಂತಿಗೆ ಜೋತುಬಿದ್ದು ಓಡಿಸುವ 49ಇಆರ್, ಕೊಡಗು ಮೂಲದ ಕೆ.ಸಿ. ಗಣಪತಿ ಮತ್ತು ವರುಣ್ ಠಕ್ಕರ್ ಟೋಕಿಯೊದಲ್ಲಿ ಹತ್ತಿದ ದೋಣಿ. ನನಗಂತೂ ಆಪ್ಟಿಮಿಸ್ಟ್ ಮಕ್ಕಳ ಚಿತ್ರವೇ ಇಷ್ಟ. ದೊಡ್ಡವರು ಮುಖ ಬಿಗಿದುಕೊಂಡಿರುತ್ತಾರೆ, ಮಕ್ಕಳ ಮುಖದಲ್ಲಿ ಇಡೀ ಪಂದ್ಯವಿರುತ್ತದೆ.

ಕೊನೆಯ ದಿನ ಕೆರೆಗೆ ಹೋಗುವ ಮುಂಚೆ ಫಲಕದ ಮೇಲಿನ ಅಂಕಗಳನ್ನು ನೋಡಿಕೊಳ್ಳಿ. ಮೊದಲು ಬಂದವರಿಗೆ ಒಂದು ಅಂಕ, ಎರಡನೆಯವರಿಗೆ ಎರಡು, ಎಲ್ಲ ರೇಸುಗಳದ್ದೂ ಕೂಡಿ ಯಾರದು ಕಡಿಮೆಯೋ ಅವರು ಗೆದ್ದಂತೆ. ಸಾಮಾನ್ಯವಾಗಿ ಒಂದು ಕೆಟ್ಟ ರೇಸನ್ನು ಲೆಕ್ಕದಿಂದ ಬಿಡುತ್ತಾರೆ. ಹೀಗಾಗಿ ಕಡೆಯ ರೇಸಿನಲ್ಲಿ ಮುಂದೆ ಓಡುವವನಿಗೂ ಪ್ರಶಸ್ತಿಗೂ ಸಂಬಂಧವೇ ಇಲ್ಲದಿರಬಹುದು. 2000ದ ಸಿಡ್ನಿ ಒಲಿಂಪಿಕ್ಸಿನ ಲೇಸರ್ ಪಂದ್ಯದಲ್ಲಿ ಬ್ರಿಟನ್ನಿನ ಬೆನ್ ಐನ್ಸ್ಲಿ ಕಡೆಯ ರೇಸಿನಲ್ಲಿ ಗೆಲ್ಲಲು ನೋಡಲೇ ಇಲ್ಲ. ಬ್ರೆಜಿಲ್ಲಿನ ರಾಬರ್ಟ್ ಶೈಟ್‌ನ ಗಾಳಿ ಕದಿಯುತ್ತಾ, ದಾರಿ ಕಟ್ಟುತ್ತಾ ಅವನನ್ನು ಸಾಲಿನ ಹಿಂದಕ್ಕೆ ಎಳೆದುಕೊಂಡು ಹೋಗಿ ಚಿನ್ನ ಕೊರಳಿಗೆ ಹಾಕಿಕೊಂಡ. ಅದಕ್ಕೂ ನಾಲ್ಕು ವರ್ಷ ಹಿಂದೆ ಅಟ್ಲಾಂಟಾ ಕೂಟದಲ್ಲಿ ಇದೇ ಇಬ್ಬರ ನಡುವಿನ ಚಿನ್ನ ಶುರುವಿನ ಗೆರೆಯಲ್ಲೇ ತೀರ್ಮಾನವಾಗಿತ್ತು. ಬೇಗ ಹೊರಟವರಿಗೆ ಹಿಂದಿರುಗುವ ಅವಕಾಶವಿಲ್ಲದ ಆ ರೇಸಿನಲ್ಲಿ ಇಬ್ಬರೂ ಬೇಗ ಗೆರೆ ದಾಟಿ ಅನರ್ಹರಾದರು, ಅಂಕದಲ್ಲಿ ಮುಂದಿದ್ದ ಶೈಟ್‌ಗೆ ಅಷ್ಟೇ ಬೇಕಾಗಿತ್ತು. ಹುಸೇನ್ ಸಾಗರದಲ್ಲೂ ಕೊನೆಯ ದಿನ ಎರಡು ದೋಣಿಗಳು ಗುಂಪು ಬಿಟ್ಟು ಒಂದನ್ನೊಂದು ಕಾಡುತ್ತಾ ಹಿಂದುಳಿದರೆ, ಹಾಯಿಸಂಖ್ಯೆಗಳನ್ನು ಅಂಕಪಟ್ಟಿಯೊಂದಿಗೆ ತಾಳೆ ನೋಡಿ, ಲೆನ್ಸನ್ನು ಅತ್ತ ತಿರುಗಿಸಿ.